ಬೊಕ್ಕಸವೂ ಮತವೂ: ಮೈಸೂರಿನಿಂದ ನೆರೂಳದವರೆಗೆ

ರಾಜ್ಯಪದ್ಧತಿಗೂ ಅರ್ಥವ್ಯವಸ್ಥೆಗೂ ಇರುವ ಸಂಬಂಧವನ್ನು ಕುರಿತು ಪಾಶ್ಚಾತ್ಯ ಪಂಡಿತರು ದೊಡ್ಡ ದೊಡ್ಡ ಗ್ರಂಥಗಳನ್ನು ಬರೆದಿದ್ದಾರೆ. ಅರಸೊತ್ತಿಗೆಗೆ ಜಮೀನುದಾರಿಕೆ ಜೊತೆ, ಪ್ರಜಾಪ್ರಭುತ್ವಕ್ಕೆ ಖಾಸಗಿ ಬಂಡವಾಳ ಜೊತೆ, ಸರ್ಕಾರವೇ ಕಾರ್ಖಾನೆ ನಡೆಸುವ ಪದ್ಧತಿಗೆ ಏಕಪಕ್ಷದ ಆಡಳಿತ ಜೊತೆ, ಹೀಗೆ ಜಾತಕ ಕೂಡಿಸಿ ಜೋಡಿ ಮಾಡಿಟ್ಟವರೂ ಉಂಟು. ಪುಸ್ತಕದಲ್ಲಿ ಓದುವಾಗ ಇದು ಸರಿಯಾಗಿಯೇ ತೋರುತ್ತದೆ. ಆದರೆ ನಮ್ಮ ನಾಡಿನ ಲೆಕ್ಕದ ಪುಸ್ತಕವನ್ನು ಬಿಡಿಸಿ ನೋಡಿದರೆ ಈ ಜೋಡಿಗಳು ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಮಹಾರಾಜರೇ ಕಬ್ಬಿಣದ ಕಾರ್ಖಾನೆ ತೆಗೆದ ರಾಜ್ಯ ನಮ್ಮದು. ಸರ್ಕಾರದಲ್ಲಿ ಮತವೇ ಇಲ್ಲದ ಹಳ್ಳಿಗರು ಸಾಲದ ಸಂಘದಲ್ಲಿ ಮತ ಹಾಕಿದ ನಾಡೂ ನಮ್ಮದೇ. ಇನ್ನು ನಾವು ಈಗ ಬಂದು ನೆಲೆಸಿರುವ ನೆರೂಳವಾದರೋ, ಪುರಸಭೆ ಹುಟ್ಟುವುದಕ್ಕೆ ಮೊದಲು ಒಂದು ಕಂಪನಿಯ ಕಡತದಲ್ಲಿ ಹುಟ್ಟಿದ ಊರು.

ಹಳೆಯ ಮೈಸೂರಿನಿಂದ ತೊಡಗೋಣ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರಿಗೆ ಜನ ಕೊಟ್ಟ ಹೆಸರು ‘ನವಕೋಟಿ ನಾರಾಯಣ’. ಬೊಕ್ಕಸದಲ್ಲಿ ಒಂಬತ್ತು ಕೋಟಿ ಇದ್ದಿತೆಂಬ ಪ್ರತೀತಿಯಿಂದ ಬಂದ ಬಿರುದು ಅದು. ಗೆದ್ದ ಕೋಟೆಗಳಿಂದಲೋ ಕಟ್ಟಿಸಿದ ಗುಡಿಗಳಿಂದಲೋ ಅಲ್ಲದೆ ಹಣದ ಎಣಿಕೆಯಿಂದಲೇ ಅರಸನೊಬ್ಬ ಹೆಸರಾದುದು ಗಮನಿಸತಕ್ಕ ಸಂಗತಿ. ಹದಿನೆಂಟು ಕಚೇರಿಗಳ ವ್ಯವಸ್ಥೆ ಮಾಡಿ ಆಡಳಿತವನ್ನು ಬಿಗಿಗೊಳಿಸಿದ ಕೀರ್ತಿಯೂ, ಕಂದಾಯದ ಭಾರ ತಾಳದೆ ದಂಗೆಯೆದ್ದವರನ್ನು ನಿರ್ದಯವಾಗಿ ಅಡಗಿಸಿದ ಅಪಕೀರ್ತಿಯೂ ಅವರ ಹೆಸರಿಗೆ ಸೇರಿವೆ. ಬೊಕ್ಕಸದ ಬೀಗದ ಕೈ ಒಬ್ಬನ ಸೊಂಟದಲ್ಲಿದ್ದಾಗ ಈ ಎರಡೂ ಒಟ್ಟಿಗೇ ಬರುತ್ತವೆ.

ನೂರು ವರ್ಷದ ಮೇಲೆ ಟಿಪ್ಪು ಸುಲ್ತಾನನು ಇನ್ನೊಂದು ಹೆಜ್ಜೆ ಮುಂದೆ ಹೋದನು. ಗಂಧ, ಮೆಣಸು, ಏಲಕ್ಕಿಗಳ ವ್ಯಾಪಾರವನ್ನು ಸರ್ಕಾರದ ಕೈಗೇ ತೆಗೆದುಕೊಂಡು, ಮಸ್ಕತ್ತಿನಲ್ಲಿಯೂ ಕಚ್ಛದಲ್ಲಿಯೂ ಕೋಠಿಗಳನ್ನಿಟ್ಟನು. ಇಂಗ್ಲಿಷರ ಕುಂಪಣಿಯು ವ್ಯಾಪಾರ ಮಾಡುತ್ತ ಮಾಡುತ್ತ ಸರ್ಕಾರವಾದುದನ್ನು ಕಣ್ಣಾರೆ ಕಂಡವನು, ತನ್ನ ಸರ್ಕಾರವನ್ನೇ ವ್ಯಾಪಾರಿಯಾಗಿ ಮಾಡಲು ಹೊರಟನೆಂದು ನಮಗೆ ತೋರುತ್ತದೆ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಗಿ ಬಂದವನಿಗೆ ಹಣದ ಹಸಿವೆ ಎಷ್ಟಿತ್ತೆಂಬುದನ್ನು ಊಹಿಸಬಹುದು.

ಆ ಗಂಧದ ಮರದ ಕಥೆಯನ್ನು ಇಲ್ಲಿಯೇ ಹೇಳಿ ಮುಗಿಸುವುದು ಒಳ್ಳೆಯದು. ಏಕೆಂದರೆ ನಮ್ಮ ವಿಷಯಕ್ಕೆ ಅದರಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಟಿಪ್ಪುವು ಅದನ್ನು ರಾಜವೃಕ್ಷವೆಂದು ಸಾರಿದನು. ಸುಲ್ತಾನನು ಹೋದ ಮೇಲೆ ಬಂದ ಒಡೆಯರ ಸರ್ಕಾರವು ಆ ಕಟ್ಟಳೆಯನ್ನು ಹಾಗೆಯೇ ಇಟ್ಟುಕೊಂಡಿತು. ಇಂಗ್ಲಿಷ್ ಕಮಿಷನರು ಇಟ್ಟುಕೊಂಡರು. ಸ್ವಾತಂತ್ರ್ಯಾನಂತರ ಮತದಿಂದ ಆರಿಸಿ ಬಂದ ಮಂತ್ರಿಗಳೂ ಇಟ್ಟುಕೊಂಡರು. ರೈತನ ಸ್ವಂತ ಹೊಲದ ಬದುವಿನಲ್ಲಿ ಹುಟ್ಟಿದರೂ ಮರ ಸರ್ಕಾರದ್ದೇ. ಸಸಿ ಕಂಡೊಡನೆ ಮುಂದೆ ಬರಬಹುದಾದ ತನಿಖೆ, ಮಹಜರುಗಳಿಗೆ ಹೆದರಿ, ಅದನ್ನು ಕಿತ್ತೆಸೆಯುವುದೇ ಕ್ಷೇಮವೆಂದು ಬಗೆದ ರೈತರು ಎಷ್ಟೋ ಮಂದಿ. ಈ ಕಟ್ಟಳೆ ಸಡಿಲಾಗಿ, ಬೆಳೆದವನೇ ಮರದ ಒಡೆಯನೆಂಬ ತಿದ್ದುಪಡಿ ಕರ್ನಾಟಕದಲ್ಲಿ ಬಂದುದು 2001ರಲ್ಲಿ. ನಾಲ್ಕು ಬಗೆಯ ಪ್ರಭುತ್ವಗಳು ಬಂದು ಹೋದರೂ ಏಕಸ್ವಾಮ್ಯ ಒಂದೇ ಆಗಿ ಉಳಿಯಿತೆಂದ ಮೇಲೆ, ಸಿಂಹಾಸನ ಬದಲಾದ ಮಾತ್ರಕ್ಕೆ ಸಂಪತ್ತಿನ ಕಟ್ಟಳೆಗಳು ಬದಲಾಗುತ್ತವೆಂದು ಹೇಳುವುದು ಹೇಗೆ? ಊರಿಂದ ಬರುವಾಗ ನಾವು ಪೆಟ್ಟಿಗೆಯಲ್ಲಿಟ್ಟು ತರುವ ಗಂಧದ ಸಾಬೂನಿನ ಹಿಂದೆ ಇಷ್ಟು ಇತಿಹಾಸವಿದೆ.

ಇನ್ನು 1799ಕ್ಕೆ ಬರೋಣ. ಶ್ರೀರಂಗಪಟ್ಟಣ ಬಿದ್ದ ಮೇಲೆ ಒಡೆಯರಿಗೆ ರಾಜ್ಯ ಹಿಂದಕ್ಕೆ ಬಂದಿತು, ಆದರೆ ವರ್ಷಕ್ಕೆ 7 ಲಕ್ಷ ವರಹಗಳನ್ನು ಕುಂಪಣಿಗೆ ಒಪ್ಪಿಸಬೇಕೆಂಬ ಕರಾರಿನ ಮೇಲೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಲೆಕ್ಕ ಸರಿದೂಗಿತು. ತರುವಾಯ ಬೊಕ್ಕಸ ಬರಿದಾಗುತ್ತ ಬಂದಂತೆ ‘ಶರತ್ತು’ ಎಂಬ ಪದ್ಧತಿ ಬೇರೂರಿತು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣ ಎತ್ತಿ ಕೊಡುವೆನೆಂದು ಬರೆದುಕೊಡಬೇಕು. ಹೆಚ್ಚು ಬಂದರೆ ಸರ್ಕಾರಕ್ಕೆ, ಕಡಮೆಯಾದರೆ ಅವನ ಕೈಯಿಂದ. ರೈತರನ್ನು ಪೀಡಿಸುವುದಿಲ್ಲವೆಂಬ ಒಂದು ವಾಕ್ಯವೂ ಆ ಮುಚ್ಚಳಿಕೆಯಲ್ಲಿಯೇ ಇರುತ್ತಿತ್ತಂತೆ! ಹೀಗೆ ಬರೆಸಿಕೊಂಡ ಮೇಲೆ ಅಮಲ್ದಾರನು ಅಧಿಕಾರಿಯಾಗಿ ಉಳಿಯುವುದಿಲ್ಲ, ಗುತ್ತಿಗೆದಾರನಾಗುತ್ತಾನೆ. ಫಲವಾಗಿ 1830ರಲ್ಲಿ ನಗರ ಪ್ರಾಂತದ ರೈತರು ಅಲ್ಲಲ್ಲಿ ‘ಕೂಟ’ ಸೇರಿದರು, ಕಂದಾಯ ಕೊಡುವುದಿಲ್ಲವೆಂದರು, ಬೂದಿ ಬಸವಪ್ಪ ನಾಯಕನ ಹೆಸರಿನಲ್ಲಿ ದಂಗೆಯೆದ್ದರು. ಅದೇ ನೆಪವಾಗಿ 1831ರಲ್ಲಿ ಇಂಗ್ಲಿಷರು ರಾಜ್ಯವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಕಂದಾಯ ಎತ್ತುವ ರೀತಿಯೊಂದು ಕೆಟ್ಟುದರಿಂದ ಒಂದು ಅರಸೊತ್ತಿಗೆ ಐವತ್ತು ವರ್ಷ ಮಲಗಿಬಿಟ್ಟಿತು.

ಆ ಐವತ್ತು ವರ್ಷಗಳು ತೀರುತ್ತ ಬಂದಾಗ ಬಂದುದು 1876-78ರ ಮಹಾಕ್ಷಾಮ. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲಿದ್ದ ಮೈಸೂರಿನ ಜನ 1881ರಲ್ಲಿ 42 ಲಕ್ಷಕ್ಕಿಂತ ಕಡಮೆ. ಅದೇ 1881ರ ಮಾರ್ಚಿಯಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಿತು, ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ದಸರೆಗೆಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಬಂದವರು 144 ಮಂದಿ, ಜಮೀನುದಾರರು ಮತ್ತು ವರ್ತಕರು. ಈ ಸಭೆಗೆ ಆಗ ಹಕ್ಕೆಂಬುದು ಏನೂ ಇರಲಿಲ್ಲ. ದಿವಾನರು ಆಯವ್ಯಯದ ವಿವರವನ್ನು ಓದಿ ಹೇಳುವರು, ಸದಸ್ಯರು ತಮ್ಮ ಊರಿನ ಕೆರೆ, ರಸ್ತೆ, ಕಂದಾಯಗಳ ಬಗ್ಗೆ ಬಿನ್ನವಿಸುವರು, ಅಷ್ಟೇ. ಕೇಳುವ ಹಕ್ಕಲ್ಲ, ಕೇಳಿಸಿಕೊಳ್ಳುವ ಹಕ್ಕು ಎಂದು ಯಾರಾದರೂ ಹಾಸ್ಯ ಮಾಡಿದರೆ ತಪ್ಪಲ್ಲ. ಹಾಗಿದ್ದರೂ ಅರಸನ ಲೆಕ್ಕವನ್ನು ಪ್ರಜೆಗಳ ಎದುರಿಗೆ ಗಟ್ಟಿಯಾಗಿ ಓದಿದರಲ್ಲ, ಅದು ಸಣ್ಣ ಮಾತಲ್ಲ. ಓದಿದ ಲೆಕ್ಕವನ್ನು ಒಂದು ದಿನ ಪ್ರಶ್ನಿಸಿಯೇ ಪ್ರಶ್ನಿಸುತ್ತಾರೆ. 1891ರಿಂದ ಚುನಾವಣೆ ಬಂದಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಸೇರಿಕೊಂಡಿತು. 1923ರ ಕಾಯಿದೆಯಿಂದ ಹೊಸ ತೆರಿಗೆಯ ವಿಚಾರದಲ್ಲಿ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಬೇಕೆಂದಾಯಿತು. ಮತವಿದ್ದುದು ಆಸ್ತಿಯುಳ್ಳವರಿಗೆ, ತೆರಿಗೆ ಕೊಡುವವರಿಗೆ ಮಾತ್ರ ಎಂಬುದನ್ನೂ ಮರೆಯತಕ್ಕದ್ದಲ್ಲ.

ಈ ನಡುವೆ ಅದೇ ಅರಸೊತ್ತಿಗೆ ಬಂಡವಾಳ ಹೂಡುವುದರಲ್ಲಿ ಭಾರತಕ್ಕೇ ಮೊದಲಿಗನಾಗುತ್ತಿತ್ತು. ಶೇಷಾದ್ರಿ ಅಯ್ಯರ್ ಅವರ ಯೋಜನೆಯಂತೆ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಗಣಿ ಇಂಗ್ಲಿಷ್ ಕಂಪನಿಯದು, ವಿದ್ಯುತ್ತು ಮಹಾರಾಜರದು. 1911ರಲ್ಲಿ ಮೈಸೂರು ಸಂಪದಭ್ಯುದಯ ಸಮಾಜ ಕೂಡಿತು. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಬ್ಯಾಂಕು, ವಿಶ್ವವಿದ್ಯಾನಿಲಯ, ಗಂಧದೆಣ್ಣೆ, ಸಾಬೂನು ಒಂದರ ಬೆನ್ನಿಗೊಂದು ಬಂದವು. ಮಹಾಯುದ್ಧದಿಂದಾಗಿ ಜರ್ಮನಿಗೆ ಗಂಧದ ಕೊರಡು ಸಾಗುವುದು ನಿಂತು, ಇಲ್ಲಿಯೇ ಎಣ್ಣೆ ತೆಗೆಯೋಣವೆಂದು 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ತೆಗೆದ ಕಥೆ ಎಲ್ಲರಿಗೂ ತಿಳಿದುದೇ. ಅಷ್ಟಾಗಿ ತಿಳಿಯದ ಇನ್ನೊಂದು ಸಂಗತಿಯನ್ನು ರಾಜ್ಯೋತ್ಸವದ ಈ ಸಂದರ್ಭದಲ್ಲಿ ನೆನೆಯಬೇಕು. 1915ರಲ್ಲಿ ಹುಟ್ಟಿದ ನಮ್ಮ ಕನ್ನಡ ಸಾಹಿತ್ಯ ಪರಿಷತ್ತು ಈ ಸಂಪದಭ್ಯುದಯ ಸಮಾಜದ ಆಲೋಚನೆಯಿಂದಲೇ ಮೊಳೆತದ್ದು. ಭಾಷೆಯ ಏಳಿಗೆಯನ್ನು ಕೈಗಾರಿಕೆಯ ಏಳಿಗೆಯ ಜೊತೆಗೆ ಒಂದೇ ಪಟ್ಟಿಯಲ್ಲಿ ಬರೆದುಕೊಂಡ ಕಾಲ ಅದು.

ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನನ್ನು ನೋಡಿ ಬಂದವರು. ಅಲ್ಲಿ ಚಕ್ರವರ್ತಿಯ ಸರ್ಕಾರವು 1872ರಲ್ಲಿ ತೊಮಿಯೋಕದಲ್ಲಿ ರೇಷ್ಮೆಯ ಗಿರಣಿ ತೆಗೆದು, ನಡೆಸಿ, 1893ರಲ್ಲಿ ಅದನ್ನು ಮಿತ್ಸುಯಿ ಮನೆತನಕ್ಕೆ ಮಾರಿತು. ಸರ್ಕಾರ ತೊಟ್ಟಿಲು ತೂಗುವುದು, ಖಾಸಗಿಯವರು ಮಗುವನ್ನು ಎತ್ತಿಕೊಳ್ಳುವುದು ಅಲ್ಲಿಯ ರೀತಿ. ಮೈಸೂರಿನಲ್ಲಿ ಮಗುವನ್ನು ಎತ್ತಿಕೊಳ್ಳುವ ಖಾಸಗಿ ಬಂಡವಾಳಗಾರರು ಕಡಮೆ. ಆದುದರಿಂದ ಕೂಸು ಸರ್ಕಾರದ ಕಂಕುಳಲ್ಲಿಯೇ ಬೆಳೆಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡುವ ಹೊತ್ತಿಗೆ ಯುದ್ಧಕಾಲದ ಬೆಲೆ ಕುಸಿದು ಹೋಗಿತ್ತು. ನಷ್ಟದ ಮೇಲೆ ನಷ್ಟ. ರಾಜ್ಯದ ಹಣವನ್ನು ಬೆಂಕಿಗೆ ಹಾಕಿದಿರೆಂದು ಟೀಕೆ ಎದ್ದಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಬಂದು 1923ರಿಂದ 1929ರವರೆಗೆ ಮಂಡಲಿಯ ಅಧ್ಯಕ್ಷರಾಗಿ ಕಾರ್ಖಾನೆಯನ್ನು ದಡಕ್ಕೆ ತರಬೇಕಾಯಿತು. ಟೀಕೆಯಿಲ್ಲದ ಅರಸೊತ್ತಿಗೆಯಾಗಿದ್ದರೆ ಆ ನಷ್ಟ ಬೊಕ್ಕಸದ ಕತ್ತಲೆಯಲ್ಲಿಯೇ ಮುಚ್ಚಿಹೋಗುತ್ತಿತ್ತು.

ದಿವಾನಗಿರಿ ಬಿಟ್ಟುದೇಕೆಂಬುದನ್ನೂ ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಕಾರ್ಖಾನೆ, ಕಾಲೇಜು, ಕಚೇರಿಗಳು ಹೆಚ್ಚಿದಂತೆ ಆ ಕೆಲಸಗಳೆಲ್ಲ ಯಾರ ಪಾಲಿಗೆ ಎಂಬ ಪ್ರಶ್ನೆ ಎದ್ದಿತು. 1917ರಲ್ಲಿ ಪ್ರಜಾಮಿತ್ರ ಮಂಡಲಿ ಹುಟ್ಟಿ ಬ್ರಾಹ್ಮಣೇತರರಿಗೂ ಪಾಲು ಬೇಕೆಂದು ಕೇಳಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಒಪ್ಪದ ದಿವಾನರು ರಾಜೀನಾಮೆ ಕೊಟ್ಟರು. ಸಂಪತ್ತನ್ನು ಹೆಚ್ಚಿಸುವುದರಲ್ಲಿ ವಿಶ್ವೇಶ್ವರಯ್ಯನವರಿಗೆ ಸಮಾನರಿಲ್ಲ. ಹಂಚುವ ವಿಷಯದಲ್ಲಿ ಮಾತ್ರ ಮಹಾರಾಜರ ಕಣ್ಣು ದಿವಾನರ ಕಣ್ಣಿಗಿಂತ ದೂರ ನೋಡಿತೆಂದೇ ನಮ್ಮ ಅಭಿಪ್ರಾಯ.

ಇದಿಷ್ಟೂ ಮೈಸೂರಿನ ಮಾತಾಯಿತು. 1956ರ ನವೆಂಬರ್ 1ರಂದು ಒಂದಾದ ಕನ್ನಡ ನಾಡಿನಲ್ಲಿ ಮೈಸೂರು ಒಂದು ಭಾಗ ಮಾತ್ರ. ಮುಂಬಯಿ ಕರ್ನಾಟಕದಲ್ಲಿ ರಯತವಾರಿ, ನಿಜಾಮನ ಕಡೆಯಲ್ಲಿ ಜಾಗೀರುಗಳ ನೆನಪು, ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಮೂಲಗೇಣಿ ಚಾಲಗೇಣಿ, ಕೊಡಗಿನಲ್ಲಿ ಜಮ್ಮಾ ಭೂಮಿ: ಭಾಷೆ ಒಂದಾದರೂ ನೆಲದ ಕಾನೂನು ಹಲವು.

ಮುಂಬಯಿ ಪ್ರಾಂತದ ಭಾಗದಲ್ಲಿ ಅರಸರೂ ಇರಲಿಲ್ಲ, ಪ್ರಜಾಪ್ರತಿನಿಧಿ ಸಭೆಯೂ ಇರಲಿಲ್ಲ. ಆದರೆ ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಸಹಕಾರದ ಮೂಲಸೂತ್ರವೆಂದರೆ ಪಾಲು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ. ಸಾಹುಕಾರನ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ಒಕ್ಕಲಿಗನು ಸಾಲ ಯಾರಿಗೆ ಕೊಡಬೇಕೆಂದು ಕೈಯೆತ್ತಿ ಹೇಳಿದನು. ದಿಲ್ಲಿಯ ಸರ್ಕಾರಕ್ಕೆ ಅವನು ಮತ ಹಾಕಿದ್ದು 1952ರ ಹೊತ್ತಿಗೆ. ಸಂಘದಲ್ಲಿ ಹಾಕಿದ್ದು ಅದಕ್ಕೆ ನಲವತ್ತೇಳು ವರ್ಷ ಮೊದಲು.

ಮರುವರ್ಷ, 1906ರಲ್ಲಿ, ನಮ್ಮ ಮುಂಬಯಿಯಲ್ಲಿಯೇ ಉತ್ತರ ಕನ್ನಡದ ಮೂಲದ ಶ್ರೀಪಾದ ಸುಬ್ಬರಾವ್ ತಲಮಕಿಯವರು ಶಾಮರಾವ್ ವಿಠಲ ಸಹಕಾರಿ ಬ್ಯಾಂಕನ್ನು ತೆರೆದರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದರು. ನೆರೂಳದ ಪ್ರತಿಯೊಂದು ಕಟ್ಟಡದ ಗೇಟಿನ ಮೇಲೆ ‘ಸೊಸೈಟಿ’ ಎಂದು ಬರೆದಿರುವುದನ್ನು ನಾವು ದಿನವೂ ನೋಡುತ್ತೇವೆ. ಈ ಪದ್ಧತಿಯನ್ನು ಮುಂಬಯಿಗೆ ತಂದು ನಾಟಿದವರು ಕನ್ನಡ ಕರಾವಳಿಯಿಂದ ಹೊಟ್ಟೆಪಾಡಿಗೆ ಬಂದ ಗುಮಾಸ್ತರ ಮನೆತನಗಳವರು. ವಾರ್ಷಿಕ ಸಭೆಗೆ ಹೋಗಲು ಬೇಸರಪಡುವ ನಮ್ಮ ಸ್ನೇಹಿತರಿಗೆ ಇದನ್ನು ತಿಳಿಸಬೇಕು.

1947ರ ಸೆಪ್ಟೆಂಬರ್ ಅಕ್ಟೋಬರಿನ ‘ಮೈಸೂರು ಚಲೋ’ ಚಳವಳಿಯ ಬಳಿಕ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಕಾರ್ಖಾನೆಗಳು ಹೇಗಿದ್ದವೋ ಹಾಗೆಯೇ ಹೊಸ ಸರ್ಕಾರಕ್ಕೆ ವರ್ಗವಾದವು. 1940ರ ಡಿಸೆಂಬರಿನಲ್ಲಿ ಸೊಲ್ಲಾಪುರ ಮೂಲದ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ಪಾಲುಗಾರಿಕೆಯಲ್ಲಿ ತೆಗೆದ ವಿಮಾನದ ಕಾರ್ಖಾನೆಯಂತೂ ಯುದ್ಧದ ನಡುವೆಯೇ ದಿಲ್ಲಿಯ ಕೈಸೇರಿತ್ತು. ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಸಮಾಜವಾದವೆಂದು ಹೇಳಲ್ಪಟ್ಟುದರಲ್ಲಿ ಬಹುಭಾಗ ಮೈಸೂರಿನವರಿಗೆ ಅರಮನೆಯ ಕಾಲದಿಂದಲೇ ಪರಿಚಿತ.

ಪ್ರಜಾಪ್ರಭುತ್ವ ನಿಜವಾಗಿ ಕೈಹಾಕಿದ್ದು ನೆಲಕ್ಕೆ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗ ದೊಡ್ಡದೆಂಬ ತಕರಾರಿನಿಂದ ಸತ್ಯಾಗ್ರಹ ಎದ್ದಿತು. ರಾಮಮನೋಹರ ಲೋಹಿಯಾ ಅವರೂ ಬಂದು ಸೆರೆಯಾದರು. 1961ರಲ್ಲಿ ಭೂಸುಧಾರಣಾ ಕಾಯಿದೆ ಬಂದರೂ ಅದರಲ್ಲಿ ಸಂದುಗಳು ಬಹಳ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ದೇವರಾಜ ಅರಸರ ತಿದ್ದುಪಡಿ ಆ ಸಂದುಗಳನ್ನು ಮುಚ್ಚಿತು. ಗೇಣಿಯ ನೆಲವೆಲ್ಲ ಸರ್ಕಾರಕ್ಕೆ, ಸರ್ಕಾರದಿಂದ ಒಕ್ಕಲಿಗೆ. ಏಳನೆಯ ನಂಬರಿನ ಫಾರಂ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರಾಯಿತು. ವಕೀಲರಿಗೆ ಅಲ್ಲಿ ಪ್ರವೇಶವಿಲ್ಲ. ಅತ್ಯಂತ ಹೆಚ್ಚಾಗಿ ಅರ್ಜಿಗಳು ಬಂದ ಕಡೆಗಳಲ್ಲಿ ನಮ್ಮ ಕರಾವಳಿಯೂ ಒಂದು. ನೂರಾರು ವರ್ಷ ‘ಒಕ್ಕಲು’ ಎನಿಸಿಕೊಂಡವರು ಒಡೆಯರಾದರು. ಧಣಿಗಳ ಮನೆಯ ಎಷ್ಟೋ ಮಕ್ಕಳು, ಅದಕ್ಕೂ ಮೊದಲೇ ಮುಂಬಯಿಯ ಹೋಟೆಲು ಹಿಡಿದಿದ್ದ ಬಂಧುಗಳ ದಾರಿ ಹಿಡಿದು ಬಸ್ಸು ಹತ್ತಿದರು. ಒಂದು ಕಡೆ ನ್ಯಾಯ, ಇನ್ನೊಂದು ಕಡೆ ವಲಸೆ. ಈ ಸ್ಮರಣ ಸಂಚಿಕೆಯನ್ನು ಓದುವ ಮನೆಗಳಲ್ಲಿ ಎರಡು ಕಡೆಯವರೂ ಇದ್ದಾರೆ. ಇಲ್ಲಿ ಒಂದು ಗಂಟು ಉಂಟು. ಮತದಿಂದ ಬಂದ ಸರ್ಕಾರದ ಈ ಮಹಾಕಾರ್ಯದ ಮುಖ್ಯ ವರ್ಷಗಳಲ್ಲಿ, 1975ರಿಂದ 1977ರವರೆಗೆ, ದೇಶದಲ್ಲಿ ತುರ್ತು ಪರಿಸ್ಥಿತಿಯಿದ್ದಿತು. ಪತ್ರಿಕೆಗಳ ಬಾಯಿ ಕಟ್ಟಿದ್ದ ಹೊತ್ತಿನಲ್ಲಿ ಬಡವನಿಗೆ ಪಟ್ಟೆ ಸಿಕ್ಕಿತು. ಪುಸ್ತಕದ ಜೋಡಿಗಳನ್ನು ನಂಬುವವರು ಇದಕ್ಕೆ ಏನೆನ್ನುವರೋ ತಿಳಿಯದು.

ಹಾಗೆ ಊರು ಬಿಟ್ಟು ಬಂದವರು ಸೇರಿದ ಈ ಹೊಸ ಮುಂಬಯಿಯ ನೆಲದ ಕಥೆಯೇನು? 1970ರ ಮಾರ್ಚ್ 17ರಂದು ಮಹಾರಾಷ್ಟ್ರ ಸರ್ಕಾರವು ಸಿಡ್ಕೊ ಎಂಬ ನಿಗಮವನ್ನು ಕಂಪನಿ ಕಾಯಿದೆಯಂತೆ ಸ್ಥಾಪಿಸಿ, ಆಗಿನ ಠಾಣಾ ಮತ್ತು ಕೊಲಾಬಾ ಜಿಲ್ಲೆಗಳ 95 ಹಳ್ಳಿಗಳ 344 ಚದರ ಕಿಲೋಮೀಟರು ಪ್ರದೇಶವನ್ನು ಅದಕ್ಕೆ ಗೊತ್ತುಮಾಡಿತು. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವುದು, ರಸ್ತೆ ನೀರು ಮಾಡಿಸುವುದು, ನಿವೇಶನಗಳನ್ನು ಕೊಟ್ಟು ಬಂದ ಹಣದಿಂದ ಮುಂದಿನ ಊರನ್ನು ಕಟ್ಟುವುದು, ಇದು ಅದರ ಲೆಕ್ಕಾಚಾರ. ರೈಲು ಕೂಡ ಹಾಗೆಯೇ ಬಂದಿತು: 1992ರಲ್ಲಿ ವಾಶಿಗೂ 1993ರಲ್ಲಿ ನೆರೂಳದ ಮೇಲೆ ಬೇಲಾಪುರಕ್ಕೂ ಬಂದ ಮಾರ್ಗದ ವೆಚ್ಚದಲ್ಲಿ ಶೇಕಡಾ 67ರಷ್ಟನ್ನು ನಿಗಮವೇ ಕೊಟ್ಟಿತು. ನಮ್ಮ ಅಜ್ಜಂದಿರು ಸರ್ಕಾರವನ್ನೇ ‘ಕುಂಪಣಿ’ ಎನ್ನುತ್ತಿದ್ದರು. ನೆರೂಳದ ಮೊದಲ ನಿವಾಸಿಗಳಿಗೂ ಆ ಮಾತು ಒಪ್ಪುತ್ತಿತ್ತು. ನೀರಿಗೆ, ದೀಪಕ್ಕೆ, ರಸ್ತೆಗೆ ಕಂಪನಿಯ ಕಚೇರಿಯೇ ಗತಿ.

ಇನ್ನೂ ಒಂದು ವಿನೋದ. ಸಿಡ್ಕೊ ನಿವೇಶನಗಳನ್ನು ಕ್ರಯಕ್ಕೆ ಕೊಡಲಿಲ್ಲ, 60 ವರ್ಷಗಳ ಲೀಸಿಗೆ ಕೊಟ್ಟಿತು. ಗೇಣಿಯ ನೆಲವನ್ನು ಊರಿನಲ್ಲಿ ಬಿಟ್ಟುಕೊಟ್ಟವನೂ, ಅದನ್ನು ಪಡೆದವನ ಮಗನೂ ಇಲ್ಲಿ ಒಂದೇ ಸೊಸೈಟಿಯಲ್ಲಿ ಸರ್ಕಾರದ ಗೇಣಿದಾರರಾದರು. ಅದೂ ಮೂಲಗೇಣಿಯಲ್ಲ; ಮೂಲಗೇಣಿಗೆ ಕೊನೆಯ ದಿನವೆಂಬುದು ಇರಲಿಲ್ಲ.

ಹಿಂದೆ ಈ ನೆಲ ಆಗರಿ ಮತ್ತು ಕೋಳಿ ಜನರದು. ಭತ್ತ, ಉಪ್ಪಿನ ಆಗರ, ಮೀನು ಅವರ ಬದುಕು. ಶಿರವಣೆ, ಕುಕ್ಷೇತ, ಸಾರಸೋಳೆ, ದಾರಾವೆ, ಕರಾವೆ ಇವು ಇಂದಿಗೂ ನೆರೂಳದ ಸೆಕ್ಟರುಗಳ ನಡುವೆ ಹಳೆಯ ಹೆಸರಿನಿಂದಲೇ ಉಳಿದಿವೆ. ಪರಿಹಾರ ಸಾಲದೆಂದು ದಿ. ಬಾ. ಪಾಟೀಲರ ನೇತೃತ್ವದಲ್ಲಿ ಅವರು ಹೋರಾಡಿದರು. 1984ರ ಜನವರಿ 16 ಮತ್ತು 17ರಂದು ಉರಣ ತಾಲ್ಲೂಕಿನ ಜಾಸೈ ಬಳಿ ಪೊಲೀಸರ ಗುಂಡಿಗೆ 5 ಮಂದಿ ಬಲಿಯಾದರು. ಆ ಹೋರಾಟದ ಫಲವಾಗಿಯೇ ಸ್ವಾಧೀನವಾದ ಜಮೀನಿನ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಮೂಲ ಒಡೆಯರಿಗೆ ಕೊಡುವ ಯೋಜನೆ ಬಂದುದು. ಮುಂಬಯಿಯ ಸರ್ಕಾರ ಮತದಿಂದ ಬಂದದ್ದೇ, ನಿಜ. ಆದರೆ ಆ ಹಳ್ಳಿಗರ ಮತ ನಿಗಮದ ಮೇಜಿನವರೆಗೆ ತಲುಪುವ ದಾರಿ ಬಹಳ ಉದ್ದವಿತ್ತು. ನಗರದ ಕೂಟದವರು ಅಮಲ್ದಾರನಿಗೆ ಹೇಳಲಾರದೆ ಹೋದದ್ದನ್ನೇ ಇವರೂ ಬೀದಿಗೆ ಬಂದು ಹೇಳಬೇಕಾಯಿತು. ನಾವು ಬಾಲ್ಕನಿಯಲ್ಲಿ ತುಳಸಿ ಕುಂಡವಿಟ್ಟಿರುವ ಜಾಗದಲ್ಲಿ ಒಂದು ಕಾಲಕ್ಕೆ ಯಾರದೋ ಗದ್ದೆಯಿತ್ತೆಂಬುದು ಗೇಣಿಯ ನಾಡಿನಿಂದ ಬಂದ ನಮಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗಬೇಕು.

1992ರ ಜನವರಿ 1ರಂದು ನವಿ ಮುಂಬಯಿ ಮಹಾನಗರ ಪಾಲಿಕೆ ಅಸ್ತಿತ್ವಕ್ಕೆ ಬಂದಿತು. ಮೊದಲ ಚುನಾವಣೆ 1995ರಲ್ಲಿ ಆಯಿತು. ಕಂಪನಿ ಹುಟ್ಟಿ ಇಪ್ಪತ್ತೈದು ವರ್ಷಗಳಾದ ಮೇಲೆ ಇಲ್ಲಿಯ ನಿವಾಸಿ ತನ್ನ ರಸ್ತೆ ದೀಪಕ್ಕಾಗಿ ಮತ ಹಾಕಿದನು. ಆಮೇಲೆ 2000, 2005, 2010, 2015ರಲ್ಲಿ ಐದೈದು ವರ್ಷಕ್ಕೆ ಚುನಾವಣೆಗಳು ನಡೆದವು. 2020ರ ಮೇ ತಿಂಗಳಲ್ಲಿ ನಗರಸೇವಕರ ಅವಧಿ ತೀರಿದ ಮೇಲೆ ಮಾತ್ರ, ಮೊದಲು ಮಹಾಮಾರಿ, ಆಮೇಲೆ ಮೀಸಲಾತಿಯ ಮತ್ತು ವಾರ್ಡುಗಳ ವ್ಯಾಜ್ಯ ಎಂದು, ಹೊಸ ಸಭೆ ಕೂಡದೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ಪಾಲಿಕೆಯನ್ನು ನಡೆಸಿದರು. ಆಯವ್ಯಯವನ್ನು ಓದುತ್ತಿದ್ದವರೂ ಅವರೇ, ಮಂಜೂರು ಮಾಡುತ್ತಿದ್ದವರೂ ಅವರೇ. ಆಸ್ತಿ ತೆರಿಗೆಯ ಬಿಲ್ಲು ಆ ವರ್ಷಗಳಲ್ಲಿಯೂ ತಪ್ಪದೆ ನಮ್ಮ ಸೊಸೈಟಿಗಳ ಕಚೇರಿಗೆ ಬರುತ್ತಿತ್ತು.